ಹರವೆಯಲ್ಲಿ ತಿದ್ದಿದ ಕರಡು

ಸೋಮವಾರ ಸಂಜೆ

ಚಾಮರಾಜನಗರದ ಬಸ್ಸಿನಿಂದ ಹರವೆಯಲ್ಲಿ ಇಳಿದಾಗ ಕೈಚೀಲದಲ್ಲಿ ಎರಡು ಸೀರೆ, ಒಂದು ಪೊಟ್ಟಣ ಮೈಸೂರುಪಾಕು, ಮುನ್ನೂರು ಚಿಲ್ಲರೆ ಪುಟದ ಕರಡು. ಕರಡು ತಿದ್ದುವುದೇ ನನ್ನ ಅನ್ನ. ಇಪ್ಪತ್ತು ವರ್ಷದಿಂದ ಮೈಸೂರಿನ ಪ್ರಕಾಶಕರಿಗೆ ತಿದ್ದಿಕೊಡುತ್ತಿದ್ದೇನೆ. ಕಾದಂಬರಿ ಕಡಿಮೆ, ಪದ್ಯ ಇನ್ನೂ ಕಡಿಮೆ. ಬಹುಪಾಲು ಪಿಎಚ್.ಡಿ. ಪ್ರಬಂಧಗಳು ಪುಸ್ತಕವಾಗುವಾಗ ನನ್ನ ಮೇಜಿಗೆ ಬರುತ್ತವೆ. ಒಂದೊಂದಕ್ಕೂ ಒಂದೊಂದೇ ವಿಷಯ. ಈ ಸಲದ್ದು ಅರಿಶಿನ. ಮೊದಲ ಪುಟದಲ್ಲಿ ಹಿಡಿದ ಅರಿಶಿನವನ್ನು ಲೇಖಕರು ಕೊನೆಯ ಪುಟದವರೆಗೂ ಬಿಟ್ಟಿಲ್ಲ.

ಚಿಕ್ಕಪ್ಪ ಜಗುಲಿಯ ಮೇಲೆ ಕೂತಿದ್ದವರು ಗಂಟು ನೋಡಿದರು.

"ಏನ್ ಕೂಸೇ ಅದು?"

"ಅರಿಶಿನದ ಮೇಲೆ ಬರೆದಿರೋ ಪುಸ್ತಕ ಚಿಕ್ಕಪ್ಪ. ತಿದ್ದಬೇಕು."

"ಅಷ್ಟೂನೂವಾ?"

"ಅಷ್ಟೂ."

ಹಾಳೆಗಳ ಮೇಲೆ ಅಂಗೈಯಿಟ್ಟು ತೂಕ ನೋಡುವವರ ಹಾಗೆ ಒತ್ತಿದರು. "ನಲವತ್ತು ವರ್ಸ ಬೆಳ್ದಿವ್ನಿ ಕನಾ. ನಂಗ ಅರ್ಧ ಗಂಟೆ ಅರಿಶ್ನದ ಮಾತಾಡು ಅಂದ್ರೆ ಆಗಕಿಲ್ಲ."

ಇದನ್ನು ಇಲ್ಲೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ನನ್ನನ್ನು ಬಹಳ ದಿನದಿಂದ ಕಾಡುತ್ತಿರುವುದು ಇದೇ. ನಲವತ್ತು ವರ್ಷ ಬೆಳೆದವರಿಗೆ ಅರ್ಧ ಗಂಟೆಯ ಮಾತಿಲ್ಲ, ನಾಲ್ಕು ವರ್ಷ ಓದಿದವರಿಗೆ ಮುನ್ನೂರು ಪುಟ ಸಾಲಲಿಲ್ಲ. ಯಾರಿಗೆ ಹೆಚ್ಚು ಗೊತ್ತು ಎಂದು ಕೇಳುತ್ತಿಲ್ಲ. ಒಂದು ವಸ್ತುವನ್ನು ಪುಸ್ತಕದಷ್ಟು ದೊಡ್ಡದು ಮಾಡುವುದು ಏನು? ಮಾಡಿದ ಮೇಲೆ ಅದು ಯಾರ ಪಾಲಿಗೆ ದೊಡ್ಡದಾಗುತ್ತದೆ?

ಅದೇ ರಾತ್ರಿ

ಇಂಥ ಪುಸ್ತಕಕ್ಕೆ ಕನ್ನಡದಲ್ಲಿ ಗಟ್ಟಿಯಾಗಿ ನಿಂತ ಹೆಸರಿಲ್ಲ. ಏಕವಿಷಯ ಗ್ರಂಥ ಎಂದರೆ ಅರ್ಥವಾಗುತ್ತದೆ, ಆದರೆ ಯಾರ ಬಾಯಲ್ಲೂ ಕೇಳಿಲ್ಲ. ಸಾಹಿತ್ಯ ಅಕಾಡೆಮಿಯ 'ಭಾರತೀಯ ಸಾಹಿತ್ಯ ನಿರ್ಮಾಪಕರು' ಮಾಲೆಯಲ್ಲಿ ಒಬ್ಬ ಲೇಖಕರಿಗೆ ಒಂದು ಪುಸ್ತಕ. ಅದನ್ನೂ ನಾವು ಮಾತಿನಲ್ಲಿ ಮಾನೋಗ್ರಾಫ್ ಎಂದೇ ಅನ್ನುತ್ತೇವೆ.

ಹೆಸರಿಲ್ಲದಿದ್ದರೇನು, ಸರಕು ಹಳೆಯದು. 12ನೇ ಶತಮಾನದ ಕೀರ್ತಿವರ್ಮ 'ಗೋವೈದ್ಯ' ಬರೆದ. ದನದ ಕಾಯಿಲೆ, ಅದರ ಮದ್ದು, ಇಷ್ಟೇ ವಿಷಯ. 14ನೇ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ' ಬರೆದ, ಅದರಲ್ಲಿ ಆದಿಯಿಂದ ಅಂತ್ಯದವರೆಗೆ ವಿಷ ಮತ್ತು ವಿಷ ಇಳಿಸುವ ಬಗೆ. ರಟ್ಟಕವಿ ಮಳೆಬೆಳೆಯ ಲಕ್ಷಣ ಹಿಡಿದ, ಅಭಿನವಚಂದ್ರ ಕುದುರೆ ಹಿಡಿದ, ಮೂರನೆಯ ಮಂಗರಸ 16ನೇ ಶತಮಾನದ ಆರಂಭದಲ್ಲಿ 'ಸೂಪಶಾಸ್ತ್ರ'ದಲ್ಲಿ ಅಡುಗೆಮನೆ ಹೊಕ್ಕ. ಇವರಿಗೆಲ್ಲ ಮುಂಚೆ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಬಂದಿತ್ತು. ಅದು ಮಳೆ, ಬಾವಿ, ಮನೆ, ಅಡುಗೆ, ಗಿಡ, ವೈದ್ಯ ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಪುಸ್ತಕ. ಎಲ್ಲ ಇರುವ ಪುಸ್ತಕ ಕೈಯಲ್ಲಿದ್ದರೂ ದನಕ್ಕೊಂದು, ಕುದುರೆಗೊಂದು ಬೇರೆ ಬೇಕೆನಿಸಿತಲ್ಲ ಅವರಿಗೆ! ದನ ನೆಲಕ್ಕೆ ಬಿದ್ದಾಗ ಎಲ್ಲ ವಿಷಯದ ಪುಸ್ತಕ ಕೈಗೆ ಬರುವುದಿಲ್ಲ, ದನದ ಪುಸ್ತಕವೇ ಬೇಕು. ಸದ್ಯಕ್ಕೆ ನನಗೆ ತೋಚಿದ ಉತ್ತರ ಇಷ್ಟು.

ಗಂಗರ ಎರಡನೆಯ ಶಿವಮಾರನ 'ಗಜಾಷ್ಟಕ'ದ ವಿಚಾರ ಮಾತ್ರ ಬೇರೆ. 8ನೇ ಶತಮಾನದ ಕೊನೆಯಿಂದ 9ರ ಆರಂಭದವರೆಗೆ ಈ ಸೀಮೆಯನ್ನೆಲ್ಲ ಆಳಿದವನು. ರಾಷ್ಟ್ರಕೂಟರ ಸೆರೆಯಲ್ಲೂ ವರ್ಷಗಟ್ಟಲೆ ಕೊಳೆತ. ಅವನು ಆನೆಯ ಮೇಲೆ ಬರೆದ ಆ ಕೃತಿ ಓವನಿಗೆಯಾಯಿತು, ಒನಕೆವಾಡಾಯಿತು ಎಂದು ಶಾಸನ ಹೇಳುತ್ತದೆ. ರಾಜನೊಬ್ಬ ಗಜಶಾಸ್ತ್ರದ ವಿದ್ಯೆಯನ್ನು ಪದ್ಯ ಮಾಡಿದ್ದಾನೆ, ಭತ್ತ ಕುಟ್ಟುವ ಹೆಂಗಸರು ಅದನ್ನು ಒನಕೆಯ ಏಟಿಗೆ ಹಾಡಿಕೊಂಡಿದ್ದಾರೆ. ಕೃತಿ ಈಗ ಉಳಿದಿಲ್ಲ. ಹಾಡಿದರು ಎಂಬ ಸುದ್ದಿ ಮಾತ್ರ ಉಳಿದಿದೆ. ನಾನು ತಿದ್ದಿದ ಯಾವ ಪುಸ್ತಕವಾದರೂ ಹೀಗೆ ಯಾರ ಕೆಲಸದ ಜೊತೆಗಾದರೂ ಸೇರಿಕೊಂಡೀತೇ ಎಂದು ಆಸೆಯಿಂದ ಯೋಚಿಸುತ್ತಾ ಮಲಗಿದೆ. ಚಿಕ್ಕಮ್ಮನ ಹಿತ್ತಲಲ್ಲಿ ಒರಳು ಬೋರಲು ಬಿದ್ದಿದೆ, ಒನಕೆ ಅಟ್ಟದ ಮೇಲಿದೆ.

ಮಂಗಳವಾರ, ಬಾಳೆತೋಟ

ಬೆಳಿಗ್ಗೆ ಚಿಕ್ಕಪ್ಪನ ಹಿಂದೆ ತೋಟಕ್ಕೆ ಹೋದೆ. ಒಂದು ಕಡೆ ಏಲಕ್ಕಿ, ಬದುವಿನಾಚೆ ನೇಂದ್ರ. ನೇಂದ್ರ ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುತ್ತದೆ, ಚಿಪ್ಸ್ ಮಾಡುವವರಿಗೆ. ಏಲಕ್ಕಿ ಮೈಸೂರು, ಬೆಂಗಳೂರಿಗೆ.

ಒಂದು ಗಿಡದ ಮುಂದೆ ನಿಂತೆ. ಗೊನೆ ಆಗತಾನೆ ಹೊರಟಿತ್ತು. ಕೆಳಗೆ ತೂಗುವ ಹೂವಿನ ಕೆಂಗಂದು ಬಣ್ಣದ ಹೊರಪಕಳೆ ಒಂದು ಹಿಂದಕ್ಕೆ ಸುರುಳಿ ಸುತ್ತಿಕೊಂಡು ಎದ್ದಿದೆ, ಅದರಡಿ ಎರಡು ಸಾಲು ಹಳದಿ ಹೂ, ಪ್ರತಿ ಹೂವಿನ ಹಿಂದೆ ಬೆರಳಿನಷ್ಟು ಉದ್ದದ ಹಸಿರು ಕಾಯಿ. ಮೇಲಿನ ಸಾಲುಗಳೆಲ್ಲ ಹೆಣ್ಣು ಹೂ, ಅವೇ ಮುಂದೆ ಚಿಪ್ಪಾಗುವುದು. ಕೆಳಗೆ ಕೆಳಗೆ ಬಿಚ್ಚುವ ಪಕಳೆಗಳಡಿ ಬರೀ ಗಂಡು ಹೂ. ಅವು ಒಂದು ದಿನ ಅಂಟು ಜೇನನ್ನು ಸುರಿಸಿ ಉದುರಿಹೋಗುತ್ತವೆ. ಒಂದು ಗಿಡ, ಒಂದು ಹೂ, ಅದರಲ್ಲಿ ದಿನಕ್ಕೊಂದು ಪುಟ ಬಿಚ್ಚಿದ ಹಾಗೆ.

ಚಿಕ್ಕಪ್ಪನಿಗೆ ಇದೇ ಹೂವಿನ ಮೇಲೆ ಬಂದ ಒಂದು ಪುಸ್ತಕದ ಕತೆ ಹೇಳಿದೆ. ಹಾಲೆಂಡಿನ ಹಾರ್ಲೆಮ್ ಪಟ್ಟಣದ ಹತ್ತಿರ ಹಾರ್ಟೆಕ್ಯಾಂಪ್ ಎಂಬ ತೋಟ. ಅದರ ಯಜಮಾನ ಜಾರ್ಜ್ ಕ್ಲಿಫರ್ಡ್, ದೊಡ್ಡ ಸಾಹುಕಾರ, ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಸೇರಿದವನು. ಅವನ ಗಾಜಿನ ಮನೆಯಲ್ಲಿ ಬಾಳೆ ಇತ್ತು, ಹೂ ಬಿಡುತ್ತಿರಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಸ್ವೀಡನ್ನಿನ ಕಾರ್ಲ್ ಲಿನೇಯಸ್‌ಗೆ ಆಗ ಇಪ್ಪತ್ತೆಂಟು ವರ್ಷ. ತೋಟಗಾರನೂ ಅವನೂ ಸೇರಿ ಗಿಡವನ್ನು ಫಲವತ್ತಾದ ಮಣ್ಣಿಗೆ ಹಾಕಿದರು, ಕೆಲವು ವಾರ ನೀರೇ ಕೊಡದೆ ಒಣಗಿಸಿದರು, ಆಮೇಲೆ ಒಂದೇ ಸಮನೆ ನೀರು ಹುಯ್ದರು. 1736ರ ಆರಂಭದಲ್ಲಿ ಬಾಳೆ ಹೂ ಬಿಟ್ಟಿತು. ಜನ ನೋಡಲು ಬಂದರು. ಲಿನೇಯಸ್ ಆ ಒಂದು ಗಿಡದ ಮೇಲೆ ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದು ಅದೇ ವರ್ಷ ಅಚ್ಚು ಹಾಕಿಸಿದ. 'ಮ್ಯೂಸಾ ಕ್ಲಿಫೋರ್ಟಿಯಾನಾ', ಕ್ಲಿಫರ್ಡನ ಬಾಳೆ.

ಚಿಕ್ಕಪ್ಪ ಸಲಾಕೆಯನ್ನು ನೆಲಕ್ಕೂರಿ ಕೇಳುತ್ತಿದ್ದರು. ನೀರು ನಿಲ್ಲಿಸಿದ ಮಾತು ಬಂದಾಗ ತಲೆಯಾಡಿಸಿದರು.

"ಬ್ಯಾಸ್ಗೆ ಮಾಡವ್ನ. ಆಮೇಲ ಮಳ ಹುಯ್ಸವ್ನ."

ಇಷ್ಟು ಚಿಕ್ಕದಾಗಿ, ಇಷ್ಟು ಪೂರ್ತಿಯಾಗಿ ಆ ಪುಸ್ತಕದ ಬಗ್ಗೆ ಯಾರೂ ಹೇಳಿದ್ದನ್ನು ನಾನು ಓದಿಲ್ಲ. ಹಾಲೆಂಡಿನ ಚಳಿಗಾಲದೊಳಗೆ ಒಂದು ನಮ್ಮ ಬೇಸಿಗೆ, ಒಂದು ನಮ್ಮ ಮುಂಗಾರು. ಬಾಳೆಯನ್ನು ಹೂ ಬಿಡಿಸಬೇಕಾದರೆ ಬಾಳೆಯ ಊರನ್ನೇ ಗಾಜಿನ ಮನೆಯಲ್ಲಿ ಕಟ್ಟಬೇಕಾಯಿತು. ಪುಸ್ತಕ ಬರೆದವನು ಬಾಳೆಯ ಊರಿಗೆ ಎಂದೂ ಬರಲಿಲ್ಲ.

ಆದರೆ ಪುಸ್ತಕಕ್ಕೆ ನಮ್ಮ ಕಡೆಯ ದಾರಿ ಒಂದಿತ್ತು. ಕೊಚ್ಚಿಯಲ್ಲಿ ಡಚ್ಚರ ಗವರ್ನರ್ ಆಗಿದ್ದ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್' ಆ ಹೊತ್ತಿಗೆ ಯೂರೋಪಿನಲ್ಲಿ ಎಲ್ಲ ಸಸ್ಯಶಾಸ್ತ್ರಿಗಳ ಕೈಯಲ್ಲಿತ್ತು. 1678ರಿಂದ 1693ರವರೆಗೆ 12 ಸಂಪುಟ. ಅದಕ್ಕೆ ಗಿಡ ಗುರುತಿಸಿ ಗುಣ ಹೇಳಿಕೊಟ್ಟವರಲ್ಲಿ ಈಳವ ವೈದ್ಯ ಇಟ್ಟಿ ಅಚ್ಯುತನ್, ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಇದ್ದರು. ಲಿನೇಯಸ್ ಬಾಳೆಯ ವಿಚಾರದಲ್ಲಿ ಆ ಸಂಪುಟಗಳನ್ನು ನೆಚ್ಚಿಕೊಂಡ. ಅಲ್ಲಿ ಬಾಳೆಯ ಹೆಸರು 'ಬಾಲ' ಎಂದೇ ಅಚ್ಚಾಗಿದೆ, ವಯನಾಡಿನವರು ವಾಳ ಅನ್ನುವುದು, ನಾವು ಬಾಳೆ ಅನ್ನುವುದು. ಆ 12 ಸಂಪುಟವನ್ನು ಕೆ.ಎಸ್. ಮಣಿಲಾಲ್ ಒಬ್ಬರೇ ಬದುಕಿನ ಬಹುಪಾಲು ತೆತ್ತು ಇಂಗ್ಲಿಷಿಗೆ ತಂದರು, 2003ರಲ್ಲಿ ಬಂತು. ಒಂದೇ ವಿಷಯದ ಪುಸ್ತಕವನ್ನು ಓದಲಿಕ್ಕೂ ಒಂದೇ ವಿಷಯದ ಜೀವ ಬೇಕಾಯಿತು.

ಲಿನೇಯಸ್ ಸ್ವರ್ಗದ ತೋಟದಲ್ಲಿ ಆದಮ ತಿನ್ನಬಾರದಿದ್ದ ಹಣ್ಣು ಬಾಳೆಯೇ ಇದ್ದೀತು ಎಂದು ಊಹಿಸಿದ್ದ. 1753ರಲ್ಲಿ ಅದಕ್ಕೆ ಸ್ವರ್ಗದ ಹೆಸರನ್ನೇ ಇಟ್ಟ, ಮ್ಯೂಸಾ ಪ್ಯಾರಡಿಸಿಯಾಕ. ಇನ್ನೂರು ವರ್ಷದ ಮೇಲೆ ಸಿಮಂಡ್ಸ್ ಎಂಬ ಇನ್ನೊಬ್ಬ ಬಾಳೆಯ ಮನುಷ್ಯ ಬಂದ. ಅವನೂ ಶೆಪರ್ಡ್ ಎಂಬವನೂ 1955ರಲ್ಲಿ ತೋರಿಸಿಕೊಟ್ಟದ್ದು ಇದು: ನಾವು ತಿನ್ನುವ ಬಾಳೆಗಳು ಎರಡು ಕಾಡುಬಾಳೆಗಳಿಂದ ಬಂದವು, ಕೆಲವು ಒಂದರಿಂದಲೇ, ಮಿಕ್ಕವು ಎರಡೂ ಕೂಡಿ. ಏಲಕ್ಕಿಯಲ್ಲಿ ಒಂದೊಂದರಿಂದ ಒಂದೊಂದು ಪಾಲು, ನೇಂದ್ರದಲ್ಲಿ ಎರಡಕ್ಕೆ ಒಂದು. ಲಿನೇಯಸ್ ಸ್ವರ್ಗದ್ದೆಂದು ಹೆಸರಿಟ್ಟದ್ದೂ ಬೆರಕೆಯೇ. ಬೀಜವಿಲ್ಲ, ಕಂದಿನಿಂದ ಕಂದಿಗೆ ಸಾಗಬೇಕು.

"ಅಂದ್ರ ಇದು ಕೈಯಿಂದ ಕೈಗ ಬಂದದ್ದು" ಅಂದರು ಚಿಕ್ಕಪ್ಪ. ಒಂದು ಕಂದನ್ನು ಸಲಾಕೆಯಿಂದ ಎಬ್ಬಿಸಿ ಮಣ್ಣು ಕೊಡವಿದರು. ಆಮೇಲೆ ತಾವಾಗಿಯೇ ನಂಜನಗೂಡಿನ ಮಾತೆತ್ತಿದರು. ದೇವರಸನಹಳ್ಳಿಯ ಸುತ್ತ ರಸಬಾಳೆ ಎಕರೆಗಟ್ಟಲೆ ಇತ್ತಂತೆ, ಸೊರಗುರೋಗ ಬಂದು ಗಿಡ ನಿಂತ ಹಾಗೇ ಹಳದಿಯಾಗಿ ಮಡಿಸಿಕೊಂಡು ಬಿತ್ತಂತೆ. ಈಗ ರಸಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಇದೆ, ಗಿಡ ಮಾತ್ರ ಹುಡುಕಬೇಕು. ಕಂದಿನಲ್ಲೇ ರೋಗ ಕೂತರೆ ಕೈಯಿಂದ ಕೈಗೆ ರೋಗವೂ ಹೋಗುತ್ತದೆ ಎಂದರು. ಬದುವಿನ ಮೇಲೆ ನಿಂತು ಹೀಗೆ ಮಾತಾಡುತ್ತಾ ಎಷ್ಟು ಹೊತ್ತಾಯಿತೆಂದು ಇಬ್ಬರೂ ನೋಡಲಿಲ್ಲ. ಚಿಕ್ಕಮ್ಮ ಕೂಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಮಧ್ಯಾಹ್ನ, ಊಟದ ಮೇಲೆ

ಕನ್ನಡದಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವ ಇಂಥ ಪುಸ್ತಕಗಳು: ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ', 1966. ತೀ.ನಂ. ಶ್ರೀಕಂಠಯ್ಯನವರ ಮಾರ್ಗದರ್ಶನದಲ್ಲಿ ಮಾಡಿದ ಪಿಎಚ್.ಡಿ. ಪ್ರಬಂಧ ಅದು. ಆರ್. ಶೇಷಶಾಸ್ತ್ರಿಯವರ 'ಕರ್ನಾಟಕದ ವೀರಗಲ್ಲುಗಳು', 1982. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ', 1959ರಲ್ಲಿ ಸಾಹಿತ್ಯ ಅಕಾಡೆಮಿ ಬಹುಮಾನ ಬಂದದ್ದು ಅವರ ಯಾವ ಕಾದಂಬರಿಗೂ ಅಲ್ಲ, ಇದಕ್ಕೆ. ಎರಡು ವರ್ಷದ ಮೇಲೆ ಎ.ಆರ್. ಕೃಷ್ಣಶಾಸ್ತ್ರಿಗಳಿಗೆ ಬಂದದ್ದು 'ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ'ಕ್ಕೆ. ಒಬ್ಬ ಬಂಗಾಳಿ ಲೇಖಕನ ಮೇಲೆ ಒಬ್ಬ ಕನ್ನಡಿಗ ಬರೆದ ಕನ್ನಡ ಪುಸ್ತಕಕ್ಕೆ ಕನ್ನಡದ ಬಹುಮಾನ! ಆ ಕಾಲದ ಆ ಧಾರಾಳ ನೆನೆದರೆ ಈಗಲೂ ಸಂತೋಷವಾಗುತ್ತದೆ.

ನನ್ನ ಅನುಭವದಲ್ಲಿ ಇಂಥ ಪುಸ್ತಕ ಚಿಕ್ಕದಿಂದ ಹೊರಟು ಚಿಕ್ಕದರಲ್ಲಿ ನಿಲ್ಲುವುದಿಲ್ಲ. ವೀರಗಲ್ಲು ಎಂದು ಶುರುಮಾಡಿದರೆ ತುರು ಬರುತ್ತದೆ, ತುರುವಿನ ಹಿಂದೆ ಕಳ್ಳತನ, ಅದರ ಹಿಂದೆ ಗಡಿ, ಹೆಣ್ಣು, ಹುಲಿ, ಸಾವು, ಸತ್ತವನ ಮಕ್ಕಳಿಗೆ ಕೊಟ್ಟ ಗದ್ದೆ. ನಿಂತಲ್ಲೇ ಅಗೆದರೆ ನೀರು ಬರುವ ಹಾಗೆ. ಹತ್ತು ಕಡೆ ಒಂದೊಂದು ಮೊಳ ಅಗೆದವರನ್ನೂ ತಿದ್ದಿದ್ದೇನೆ. ಅವರ ಪುಸ್ತಕದಲ್ಲಿ ಒಂದು ಪುಟವೂ ನೆನಪಿನಲ್ಲಿ ಉಳಿದಿಲ್ಲ.

ಬುಧವಾರ

ಚಿಕ್ಕಮ್ಮನ ತವರು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ, ಬಂಡೀಪುರದ ಕಾಡಿನಂಚು. ಅವರ ತಮ್ಮ ಬಂದಿದ್ದರು. ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕಾವಲು ಕೂತು ಕಣ್ಣು ಕೆಂಪಾಗಿತ್ತು. ಒಂಟಿ ಸಲಗವೊಂದು ವಾರದಿಂದ ಬರುತ್ತಿದೆಯಂತೆ. "ಹೆಣ್ಣಾನ ಗುಂಪು ಯಾವಾಗಲೋ ಒಂದು ಸಲ. ಗಂಡು ದಿನಾ ಬತ್ತದ."

ಇದು ಪುಸ್ತಕದಲ್ಲಿದೆ ಎಂದೆ. ಆರ್. ಸುಕುಮಾರ್ 1980ರ ದಶಕದ ಆರಂಭದಲ್ಲಿ ಚಾಮರಾಜನಗರ, ಸತ್ಯಮಂಗಲದ ಕಾಡುಗಳಲ್ಲೇ ಆನೆಗಳ ಹಿಂದೆ ತಿರುಗಿದವರು. 1989ರಲ್ಲಿ ಕೇಂಬ್ರಿಡ್ಜ್‌ನಿಂದ ಅವರ ಪುಸ್ತಕ ಬಂತು. ಬೆಳೆಗೆ ನುಗ್ಗುವುದರಲ್ಲಿ ವಯಸ್ಸಿಗೆ ಬಂದ ಗಂಡಾನೆ ಹೆಣ್ಣಾನೆಗಿಂತ ಹಲವು ಪಟ್ಟು ಮುಂದು ಎಂದು ಅವರು ಲೆಕ್ಕ ಹಾಕಿದ್ದರು. ರಾಗಿಯ ಪೈರಿನಲ್ಲಿ ಕಾಡುಹುಲ್ಲಿಗಿಂತ ಸಸಾರಜನಕ, ಸುಣ್ಣ, ಉಪ್ಪಿನಂಶ ಹೆಚ್ಚು ಎಂದೂ ತೋರಿಸಿದ್ದರು. ಹಸಿವಿಗಿಂತ ಹೆಚ್ಚಿನ ಲೆಕ್ಕ ಅದು: ಒಳ್ಳೆಯದನ್ನು ತಿಂದ ಗಂಡು ಬಲವಾಗುತ್ತದೆ, ಬಲವಾದ ಗಂಡಿಗೆ ಹೆಣ್ಣು ಸಿಗುತ್ತದೆ, ಅದಕ್ಕೇ ಅದು ಪಟಾಕಿಗೂ ಬೆಂಕಿಗೂ ಎದೆಗೊಡುತ್ತದೆ.

ಚಿಕ್ಕಮ್ಮನ ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮಗ ಇದು ಗೊತ್ತಿತ್ತು" ಎಂದಾರು ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಅವ್ರೂ ರಾತ್ರಿ ಕೂತಿದ್ರಾ?"

ಕೂತಿದ್ದರು ಎಂದೆ. ಅದೊಂದು ಮಾತಿನಿಂದ ಪುಸ್ತಕ ಅವರಿಗೆ ನಂಬಿಕೆಗೆ ಬಂತು.

ಗುರುವಾರ, ಕಣದಲ್ಲಿ

ಅರಿಶಿನ ಬೇಯಿಸುವ ದಿನ. ಎಂಟು ಒಂಬತ್ತು ತಿಂಗಳು ನೆಲದಲ್ಲಿದ್ದದ್ದು ಈಗ ಕೊಪ್ಪರಿಗೆಯಲ್ಲಿ ಕುದಿಯುತ್ತಿದೆ. ದೊಡ್ಡ ಬೆಳೆಗಾರರು ಹಬೆ ಯಂತ್ರ ಬಾಡಿಗೆಗೆ ತರಿಸುತ್ತಾರೆ, ಚಿಕ್ಕಪ್ಪನದು ಇನ್ನೂ ಕೊಪ್ಪರಿಗೆಯೇ. ನೊರೆ ಉಕ್ಕಿ ಬಂದು ವಾಸನೆ ತಿರುಗಿದಾಗ ಚಿಕ್ಕಮ್ಮ ಒಂದು ಗೆಡ್ಡೆ ಎತ್ತಿ ಮೊಂಡು ಕಡ್ಡಿಯಿಂದ ಚುಚ್ಚಿದರು. ಸಲೀಸಾಗಿ ಇಳಿಯಿತು. "ಸಾಕು ಇಳ್ಸಿ." ಒಂದು ಚೂರು ಹೆಚ್ಚು ಬೆಂದರೆ ಬಣ್ಣ ಕೆಡುತ್ತದೆ, ಕಡಿಮೆ ಬೆಂದರೆ ಒಣಗಿದ ಮೇಲೆ ಹುಳ ಹಿಡಿಯುತ್ತದೆ. ಕಣದಲ್ಲಿ ಹತ್ತು ಹದಿನೈದು ದಿನ ಒಣಗಬೇಕು. ಮುರಿದಾಗ ಟಣ್ ಎನ್ನಬೇಕು, ಮೆತ್ತಗೆ ಬಾಗಿದರೆ ಇನ್ನೂ ಹಸಿ. ಆಮೇಲೆ ಪಾಲೀಶು, ಆಮೇಲೆ ಈರೋಡಿನ ಮಂಡಿ.

ನನ್ನ ಕರಡಿನಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಕಡ್ಡಿ ಚುಚ್ಚುವುದಿದೆ. ಟಣ್ ಎನ್ನುವುದಿಲ್ಲ.

ಅಷ್ಟರಲ್ಲಿ ನೀಲಗಾರರೊಬ್ಬರು ಬಂದರು. ಹೆಗಲಲ್ಲಿ ಜೋಳಿಗೆ, ತಂಬೂರಿ, ಬೆರಳಿಗೆ ಗಗ್ಗರ. ಸುಗ್ಗಿಯ ಕಾಲಕ್ಕೆ ಪಡಿಗೆ ಬರುವವರು. ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗವನ್ನು ಕೊಪ್ಪರಿಗೆಯ ಹಬೆಯ ಪಕ್ಕದಲ್ಲೇ ನಿಂತು ಹಾಡಿದರು. ಕಿವಿ ತುಂಬಿತು. ಚಿಕ್ಕಮ್ಮ ಮೊರದಲ್ಲಿ ರಾಗಿ ತಂದು ಜೋಳಿಗೆಗೆ ಸುರಿದರು.

ಮಲೆಯ ಮಾದೇಶ್ವರ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು 1973ರಲ್ಲೇ ಪುಸ್ತಕ ಮಾಡಿದರು, 2001ರಲ್ಲಿ ಆ ಕಾವ್ಯದ ಇನ್ನೊಂದು ಪಾಠ ಇಂಗ್ಲಿಷಿಗೂ ಹೋಯಿತು ಎಂದು ನಾನು ಉತ್ಸಾಹದಿಂದ ಹೇಳಿದೆ. ನೀಲಗಾರರು ಮೆಲ್ಲಗೆ ತಿದ್ದಿದರು.

"ಅದು ಮಾದಪ್ಪಂದು ಕನವ್ವ. ದೇವರಗುಡ್ರು ಹಾಡೋದು. ನಮ್ದು ಮಂಟೇದಲಿಂಗಯ್ಯಂದು, ಸಿದ್ದಪ್ಪಾಜೀದು. ಅದನ್ನ ನಾವು ಹಾಡಕಿಲ್ಲ."

ಒಂದೇ ಕಾಡಿನ ಅಂಚು, ಒಂದೇ ಜನ, ಒಂದೇ ತಿಂಗಳಲ್ಲಿ ಎರಡೂ ಜಾತ್ರೆಗೆ ಹೋಗುವವರು. ಆದರೂ ಅವರ ವಿಷಯ ಇವರದಲ್ಲ. ಮಂಟೇಸ್ವಾಮಿ ಕಾವ್ಯವೂ ಅಚ್ಚಾಗಿದೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಾಕಿಸಿದೆ ಎಂದೆ. ಒಂದು ರಾತ್ರಿಯ ಹಾಡಿಕೆಯಲ್ಲಿ ಮುಗಿಯದ ಸಾಲುಗಳೆಲ್ಲ ನೂರಾರು ಪುಟದಲ್ಲಿ ಕೂತಿವೆ.

"ಇರ್ಲಿ ಬುಡಿ, ಒಳ್ಳೇದೇ. ಅದು ಆ ನೀಲಗಾರ ಆವತ್ತು ಹಾಡಿದ್ದು. ನನ್ದು ಬ್ಯಾರೆ ಅದ."

ಗುರುವಿನ ಹತ್ತಿರ ದೀಕ್ಷೆ ತೆಗೆದುಕೊಂಡು, ಒಂದು ಕಾವ್ಯವನ್ನು ಬದುಕೆಲ್ಲ ಹಾಡಿ, ಪಕ್ಕದ ಕಾವ್ಯವನ್ನು ಗೌರವದಿಂದ ಪಕ್ಕದವರಿಗೇ ಬಿಟ್ಟುಕೊಟ್ಟವರು. ನಾನು ತಿದ್ದುವ ಪ್ರಬಂಧಗಳಲ್ಲಿ ಲೇಖಕರು 'ಅಧ್ಯಯನದ ವ್ಯಾಪ್ತಿ ಮತ್ತು ಮಿತಿ' ಎಂದು ಒಂದು ಭಾಗ ಬರೆಯುತ್ತಾರೆ. ಇವರು ಅದನ್ನೇ ಕಣದ ನಡುವೆ ನಿಂತು ನಾಲ್ಕು ಮಾತಿನಲ್ಲಿ ಹೇಳಿದರು. ಒಂದೇ ವಿಷಯದವರು ವಿಶ್ವವಿದ್ಯಾಲಯದಲ್ಲಿ ಮಾತ್ರ ಇರುತ್ತಾರೆಂದು ಇಷ್ಟು ದಿನ ನಾನು ಹೇಗೆ ತಿಳಿದಿದ್ದೆ?

ಶುಕ್ರವಾರ

ಮಲೆಯೂರಿನ ಕನಕಗಿರಿಗೆ ಹೋಗಿಬಂದೆ. ಗುಡ್ಡದ ಮೇಲೆ ಪಾರ್ಶ್ವನಾಥ ಬಸದಿ. ವ್ಯಾಕರಣ ಬರೆದ ಪೂಜ್ಯಪಾದರು ಇಲ್ಲಿ ತಪಸ್ಸು ಮಾಡಿದರೆಂದು ನಂಬಿಕೆ. 'ರಾಜಾವಳಿ ಕಥೆ'ಯ ದೇವಚಂದ್ರ ಇದೇ ಊರಿನವನು. 1804ರಲ್ಲಿ ಕರ್ನಲ್ ಮೆಕೆಂಜಿ ಈ ಕಡೆ ಬಂದಾಗ ಹಳೆಯ ಸಂಗತಿ ತಿಳಿದವರು ಯಾರೆಂದು ಹುಡುಕಿ ಇವನನ್ನು ಕಂಡ. ದೇವಚಂದ್ರನ ಪುಸ್ತಕ ಒಂದೇ ವಿಷಯದ್ದಲ್ಲ, ರಾಜರು, ಕವಿಗಳು, ಜಾತಿಗಳು, ಕೇಳಿದ ಕತೆ, ಕಂಡ ಸಂಗತಿ ಎಲ್ಲ ಬೆರೆತ ಕಣಜ. ಅದರಿಂದ ಕಾಳು ತೆಗೆದುಕೊಂಡು ಆಮೇಲೆ ಎಷ್ಟು ಜನ ಒಂದೊಂದೇ ವಿಷಯದ ಪುಸ್ತಕ ಬರೆದರೋ.

ಈ ತಾಲ್ಲೂಕುಗಳ ಕಲ್ಲುಗಳ ಮೇಲಿನ ಬರಹ ಬಿ.ಎಲ್. ರೈಸ್ 1898ರಲ್ಲಿ ತಂದ 'ಎಪಿಗ್ರಾಫಿಯಾ ಕರ್ನಾಟಿಕಾ' 4ನೇ ಸಂಪುಟದಲ್ಲಿದೆ. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಗುಂಡ್ಲುಪೇಟೆ 3ನೇ ಸಂಪುಟಕ್ಕೆ, ಚಾಮರಾಜನಗರ 4ಕ್ಕೆ ಹೋಯಿತು, 1974 ಮತ್ತು 1975. ಪರಿಷ್ಕೃತ ಸಂಪುಟವೊಂದನ್ನು ಒಂದು ಗ್ರಂಥಾಲಯದಲ್ಲಿ ಎರವಲು ಪಡೆದಾಗ ಹಿಂದಿನ ಚೀಟಿಯಲ್ಲಿ ಒಂದೇ ಒಂದು ತಾರೀಖಿನ ಮೊಹರಿತ್ತು. ಬಹಳ ಹಿಂದಿನದು. ಆ ಒಬ್ಬ ಓದುಗರು ಯಾರಿರಬಹುದೆಂದು ಈಗಲೂ ಯೋಚನೆ ಬರುತ್ತದೆ. 23 ಪುಟದ ಬದಿಯಲ್ಲಿ ಪೆನ್ಸಿಲಿನಲ್ಲಿ ಒಂದೊಂದು ಊರಿನ ಹೆಸರನ್ನು ಈಗಿನ ರೂಪದಲ್ಲಿ ಬರೆದಿಟ್ಟಿದ್ದರು, ನೀಟಾಗಿ, ಮುಂದೆ ಬರುವ ಎರಡನೆಯವರಿಗೆಂದು.

ಎರಡನೆಯವಳು ನಾನು.

ಅದೇ ದಿನ, ರಾತ್ರಿ

ಎಂ.ಎನ್. ಶ್ರೀನಿವಾಸರ ಬೆಂಕಿಯ ಕತೆಯನ್ನು ಚಿಕ್ಕಮ್ಮನಿಗೆ ಹೇಳಿದೆ. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ಅದೊಂದನ್ನೇ ನೋಡಿದರು. ಪುಸ್ತಕದಲ್ಲಿ ಆ ಹಳ್ಳಿಗೆ ರಾಂಪುರ ಎಂದು ಹೆಸರು. ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರ ಎತ್ತು ಯಾರ ಹೊಲಕ್ಕೆ ನುಗ್ಗಿತು, ಪಂಚಾಯ್ತಿ ಹೇಗೆ ಕೂತಿತು, ಎಲ್ಲ ಬರೆದುಕೊಂಡರು. ಹದಿನೆಂಟು ವರ್ಷ ಅವನ್ನು ವಿಂಗಡಿಸಿ, ಜೋಡಿಸಿ, ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ಮೂರೂ ಪ್ರತಿ ಸುಟ್ಟವು.

"ಅಯ್ಯೋ ಶಿವನೇ" ಅಂದರು ಚಿಕ್ಕಮ್ಮ. ಬೀಸುತ್ತಿದ್ದ ಮೊರ ಕೈಯಲ್ಲೇ ನಿಂತಿತು. "ಆಮೇಲ?"

ಆಮೇಲೆ ಗೆಳೆಯರಾದ ಸೋಲ್ ಟ್ಯಾಕ್ಸ್ ಎಂಬವರು, ನೆನಪಿನಲ್ಲಿರುವುದನ್ನೇ ಬರೆ ಎಂದರು. ಬರೆದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಬಂತು. ಟಿಪ್ಪಣಿಗಳು ಇದ್ದಿದ್ದರೆ ಲೆಕ್ಕ, ಕೋಷ್ಟಕ, ಶೇಕಡಾವಾರು ಎಲ್ಲ ಇರುತ್ತಿದ್ದವು. ಟಿಪ್ಪಣಿ ಹೋದದ್ದರಿಂದ ಪುಸ್ತಕದಲ್ಲಿ ಮನುಷ್ಯರು ಉಳಿದರು.

ಬೆಂಕಿ ಒಳ್ಳೆಯದು ಮಾಡಿತು ಎಂದು ಹೇಳುವ ಮನಸ್ಸು ನನಗಿಲ್ಲ. ಅಷ್ಟು ವರ್ಷದ ಕೆಲಸ ಬೂದಿಯಾದದ್ದು ಬೂದಿಯಾದದ್ದೇ. ಆದರೆ ನೆನಪು ಅಷ್ಟನ್ನು ಹಿಡಿದಿಟ್ಟಿತ್ತಲ್ಲ! ಮತ್ತೆ ಮತ್ತೆ ಓದಿ, ವಿಂಗಡಿಸಿ, ಜೋಡಿಸಿದ್ದಕ್ಕೇ ಅದು ಮೈಗೆ ಹತ್ತಿತ್ತು. ನೀಲಗಾರರ ಸಾಲುಗಳೂ ಮೈಗೆ ಹತ್ತಿದ್ದು ಹಾಗೆಯೇ. ಸುಡಲಾಗದ ಪ್ರತಿ ಅದು. ಒಬ್ಬರು ಹೋದರೆ ಮಾತ್ರ ಅವರ ಜೊತೆ ಪೂರ್ತಿ ಹೋಗುತ್ತದೆ.

ಇನ್ನೊಂದು ನೆನಪಾಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಭಾಷೆ, ಆ ಭಾಷೆಯಲ್ಲಿ ಅಡಗಿದ ಕಾಡಿನ ತಿಳಿವಳಿಕೆ, ಹಕ್ಕಿ, ಗಿಡ, ಜೇನುಗಳ ಮೇಲೆ ಆಂಗ್ ಸಿ ಎಂಬ ಭಾಷಾವಿಜ್ಞಾನಿ 2016ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕ ತಂದಿದ್ದಾರೆ. ಬೆಲೆ ನೋಡಿದರೆ ಬೆಟ್ಟದ ಪೋಡಿನಲ್ಲಿರುವವರು ಇರಲಿ, ಮೈಸೂರಿನಲ್ಲಿರುವ ನಾನೂ ಕೊಳ್ಳಲಾರೆ. ಜೇನಿನ ಹೆಸರು ಹೇಳಿಕೊಟ್ಟವರ ಕೈಗೆ ಆ ಹೆಸರುಗಳ ಪುಸ್ತಕ ಸಿಗಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಕನ್ನಡದಲ್ಲಿ ಒಂದು ತೆಳ್ಳನೆಯ ಆವೃತ್ತಿಯಾದರೂ ಬರಬೇಕು, ತಿದ್ದುವ ಕೆಲಸ ನಾನು ದುಡ್ಡಿಲ್ಲದೆ ಮಾಡುತ್ತೇನೆ.

ಶನಿವಾರ, ಹೊರಡುವ ಮುನ್ನಾದಿನ

ಕರಡು ಮುಗಿಸಬೇಕು. ಕಣದಲ್ಲಿ ಅರಿಶಿನ ಹರವಿದೆ. ಅದರ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತೆ. ಹಾಳೆಯ ಅಂಚುಗಳೆಲ್ಲ ಹಳದಿ.

ಪುಸ್ತಕ ಒಳ್ಳೆಯದು. ಲೇಖಕರು ಕಷ್ಟಪಟ್ಟಿದ್ದಾರೆ, ಅಡಿಟಿಪ್ಪಣಿಗಳಲ್ಲಿ ಒಂದೂ ತಪ್ಪಿಲ್ಲ. ಅರಿಶಿನದ ತಾಯಿಗೆಡ್ಡೆಗೂ ಅದರಿಂದ ಕವಲೊಡೆದದ್ದಕ್ಕೂ ಇರುವ ವ್ಯತ್ಯಾಸ ವಿವರಿಸುವ ಪುಟ ಬಂತು. ಚಿಕ್ಕಮ್ಮ ಒಣಗುತ್ತಿದ್ದದ್ದನ್ನು ತಿರುವಿಹಾಕುತ್ತಿದ್ದರು. ನಾನು ಅಭ್ಯಾಸದಂತೆ ಗಟ್ಟಿಯಾಗಿ ಓದುತ್ತಿದ್ದೆ. ಕರಡನ್ನು ಗಟ್ಟಿಯಾಗಿ ಓದಿದರೆ ತಪ್ಪು ಕಿವಿಗೆ ಸಿಗುತ್ತದೆ.

"ಗೆಡ್ಡೆಗಳಿಗಿಂತ ಬೆರಳುಗಳಿಗೆ ಮಾರುಕಟ್ಟೆಯಲ್ಲಿ ಹೆಚ್ಚಿನ ಧಾರಣೆ..."

"ಯಾವ ಬೆಳ್ಳು?" ಅಂದರು ಚಿಕ್ಕಮ್ಮ.

ಅರಿಶಿನದ್ದು ಎಂದೆ. ಇಂಗ್ಲಿಷಿನಲ್ಲಿ ಹಾಗೆ ಅನ್ನುತ್ತಾರೆ, ಅದನ್ನೇ ಕನ್ನಡ ಮಾಡಿದ್ದಾರೆ.

ಚಿಕ್ಕಮ್ಮ ಬಗ್ಗಿ ರಾಶಿಯಿಂದ ಒಂದು ತೆಗೆದು ನನ್ನ ಹಾಳೆಯ ಮೇಲಿಟ್ಟರು. ನಡುಬೆರಳಿನಷ್ಟು ಉದ್ದ, ಮೈಮೇಲೆ ಬಳೆಬಳೆಯಾಗಿ ಗೆರೆ, ತುದಿ ಮೊಂಡು.

"ಇದು ಕೊಂಬು ಕನವ್ವ. ಅರಿಶ್ನದ ಕೊಂಬು. ನಿನ್ನ ಮದ್ವೇಲಿ ದಾರಕ್ಕ ಕಟ್ಟಿದ್ದು ಬೆಳ್ಳಾ?"

ನನಗೆ ಗೊತ್ತಿದ್ದ ಮಾತು. ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ನೂರ ಎಂಬತ್ತು ಪುಟ ಬೆರಳು, ಬೆರಳು ಎಂದು ಓದಿಕೊಂಡು ಬಂದೆ, ಒಮ್ಮೆಯೂ ಕಣ್ಣಿಗೆ ತಟ್ಟಲಿಲ್ಲ. ಅಕ್ಷರ ಸರಿಯಿತ್ತು, ಒತ್ತು ಸರಿಯಿತ್ತು.

ಚಿಕ್ಕಪ್ಪನೂ ಬಂದು ಕೂತರು. ಮೊದಲಿನಿಂದ ಓದು ಎಂದರು. ಓದಿದೆ. ಬೀಜಕ್ಕೆ ಇಡುವ ಗೆಡ್ಡೆ ಯಾವುದು, ಯಾವ ಮಳೆಗೆ ನೆಡುವುದು, ಎಲೆ ಯಾವಾಗ ಮಡಿಸಿಕೊಂಡರೆ ಕೀಳಬೇಕು, ಮಂಡಿಯಲ್ಲಿ ದಲ್ಲಾಳಿ ಯಾವುದನ್ನು ಮೊದಲು ಮುರಿದು ನೋಡುತ್ತಾನೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸಿದರು. ಕೆಲವು ಕಡೆ "ಸರಿಯಾಗಿ ಬರ್ದವ್ನ" ಎಂದು ಮೆಚ್ಚಿದರು. ಮೂರು ಕಡೆ ತಮಗೆ ಗೊತ್ತಿಲ್ಲದ್ದಿತ್ತು, ಅದನ್ನು ಎರಡೆರಡು ಸಲ ಓದಿಸಿದರು. ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ಅರ್ಧ ಗಂಟೆಯ ಮಾತೂ ಇಲ್ಲ ಅಂದಿದ್ದವರು.

ಕರಡು ತಿದ್ದುವವರು ಲೇಖಕರ ಪದ ಬದಲಿಸುವ ಹಾಗಿಲ್ಲ. ಅಂಚಿನಲ್ಲಿ ಕೇಳಬಹುದು, ಅಷ್ಟೇ. ಕೆಂಪು ಪೆನ್ನು ತೆಗೆದುಕೊಂಡು ಹಿಂದಕ್ಕೆ ಹೋದೆ. 17 ಕಡೆ 'ಬೆರಳು' ಸಿಕ್ಕಿತು. 17 ಕಡೆಯೂ ಅದರ ಕೆಳಗೆ ಗೆರೆ ಎಳೆದು ಅಂಚಿನಲ್ಲಿ ಬರೆದೆ: ಕೊಂಬು? ಕೊನೆಯ ಪುಟದ ಖಾಲಿ ಜಾಗದಲ್ಲಿ, ಮುರಿದಾಗ ಟಣ್ ಎನ್ನುವ ವಿಚಾರ 6ನೇ ಅಧ್ಯಾಯಕ್ಕೆ ಸೇರಿಸಬಹುದೇ ಎಂದು ಕೇಳಿ, ಯಾರು ಹೇಳಿದ್ದೆಂದು ಕೆಳಗೆ ಬರೆದೆ. ಚಿಕ್ಕಮ್ಮ ಕೊಟ್ಟ ಕೊಂಬನ್ನು ಕರಡಿನ ನಡುವೆ ಇಟ್ಟು ದಾರ ಕಟ್ಟಿದೆ.